‘ಬಾ’ ಮೊದಲೋ, ‘ಬನ್ನಿ’ ಮೊದಲೋ?

ಕನ್ನಡದ ಅತ್ಯಂತ ಚಿಕ್ಕ ವಾಕ್ಯ ಯಾವುದು ಎಂದು ಕೇಳಿದರೆ ‘ಬಾ’ ಎನ್ನಬಹುದು. ಇರುವುದು ಒಂದೇ ಅಕ್ಷರ. ಅದರಲ್ಲೇ ಕ್ರಿಯೆಯಿದೆ, ಅಪ್ಪಣೆಯಿದೆ. ಯಾರು ಯಾರಿಗೆ ಹೇಳುತ್ತಿದ್ದಾರೆ, ಅವರಿಬ್ಬರ ನಡುವೆ ಸಲಿಗೆ ಎಷ್ಟು ಎಂಬ ಸಂಗತಿಯೂ ಇದೆ. ತಾಯಿ ಮಗುವಿಗೆ ಹೇಳಿದರೆ ಅದು ಅಕ್ಕರೆ. ಬ್ಯಾಂಕಿನ ಗುಮಾಸ್ತ ಎಪ್ಪತ್ತು ದಾಟಿದ ರೈತನಿಗೆ ಅದನ್ನೇ ಹೇಳಿದರೆ ಅವಮಾನ. ಆ ಗುಮಾಸ್ತ ಬೇರೆ ರಾಜ್ಯದಿಂದ ಬಂದು ಮೂರು ತಿಂಗಳಾಗಿದ್ದು, ಪುಸ್ತಕ ನೋಡಿ ಕನ್ನಡ ಕಲಿಯುತ್ತಿರುವವನಾದರೆ, ಅವನಿಗೆ ತಾನು ಮಾಡಿದ್ದೇನೆಂಬುದೇ ತಿಳಿದಿರುವುದಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಅವನು ಹೇಳಿದ್ದಾನೆ.

ಹೀಗೆ ಕನ್ನಡ ಕಲಿಯಬೇಕಾದವರು ನಮ್ಮ ನಡುವೆ ಕಡಿಮೆಯೇನೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಹೇಳಿಕೊಂಡವರು ಕರ್ನಾಟಕದ ಜನಸಂಖ್ಯೆಯಲ್ಲಿ ಶೇಕಡ 66ರಷ್ಟು. ಉಳಿದ ಮೂರನೆಯ ಒಂದು ಪಾಲಿನಲ್ಲಿ ತಲೆಮಾರುಗಳಿಂದ ಇಲ್ಲೇ ನೆಲೆಸಿ ಕನ್ನಡವನ್ನು ಚೆನ್ನಾಗಿ ಬಲ್ಲವರಿದ್ದಾರೆ, ಮೊನ್ನೆ ಮೊನ್ನೆ ಬಂದವರೂ ಇದ್ದಾರೆ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂದು ರಾಜ್ಯ 2015ರಲ್ಲಿ ಕಾನೂನು ಮಾಡಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ‘ಬಳಕೆ ಕನ್ನಡ’ದ ಪಾಠವಿದೆ. ಕಲಿಸಬೇಕೋ ಬೇಡವೋ ಎಂಬ ಚರ್ಚೆ ನಾವು ಬಹಳ ಮಾಡಿದ್ದೇವೆ. ಏನನ್ನು ಮೊದಲು ಕಲಿಸಬೇಕು ಎಂಬುದರ ಬಗ್ಗೆ ಅಷ್ಟಾಗಿ ಯೋಚಿಸಿಲ್ಲ. ಅಪ್ಪಣೆ ಮತ್ತು ನಿರಾಕರಣೆ, ಅಂದರೆ ‘ಮಾಡು’ ಎನ್ನುವುದು ಮತ್ತು ‘ಇಲ್ಲ’ ಎನ್ನುವುದು, ಈ ಎರಡನ್ನು ಹೇಗೆ ಕಲಿಸುತ್ತೇವೆ ಎಂಬುದರ ಮೇಲೆ ಹೊಸಬರ ಮತ್ತು ಊರಿನವರ ಸಂಬಂಧ ಬಹುಮಟ್ಟಿಗೆ ನಿಂತಿದೆ.

ಧಾತುವೇ ಅಪ್ಪಣೆ

ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ‘ಧಾತು’ ಎಂಬ ಮಾತನ್ನು ಓದಿದ್ದೇವೆ. ಮಾಡು, ನೋಡು, ಕೊಡು, ಓದು – ಇವು ಧಾತುಗಳು. ಪ್ರತ್ಯಯಗಳೆಲ್ಲ ಇವುಗಳಿಗೇ ಹತ್ತುತ್ತವೆ. ಆದ್ದರಿಂದ ಕಲಿಸುವವರು ಇಲ್ಲಿಂದಲೇ ಆರಂಭಿಸುತ್ತಾರೆ, ನಿಘಂಟಿನಲ್ಲೂ ಪದ ಸಿಗುವುದು ಈ ರೂಪದಲ್ಲೇ. ತೊಡಕು ಇರುವುದು ಇಲ್ಲಿ: ಕನ್ನಡದಲ್ಲಿ ಧಾತುವನ್ನು ಹಾಗೆಯೇ ಉಚ್ಚರಿಸಿದರೆ ಅದು ಏಕವಚನದ ಆಜ್ಞೆಯಾಗುತ್ತದೆ. ಹಿಂದಿಯ ಪಾಠದಲ್ಲಿ ‘ಕರ್‌ನಾ’ ಎಂಬ ರೂಪವನ್ನು ಕಲಿತವನು ಅದನ್ನು ಯಾರ ಮುಂದೆ ಹೇಳಿದರೂ ದೊಡ್ಡ ಅಪಚಾರವಾಗುವುದಿಲ್ಲ. ಕನ್ನಡದ ಪಾಠದಲ್ಲಿ ‘ಕೊಡು’ ಕಲಿತವನು ಮರುದಿನ ಅಂಗಡಿಗೆ ಹೋಗಿ ‘ಹಾಲು ಕೊಡು’ ಎನ್ನುತ್ತಾನೆ. ಮೊದಲ ಪಾಠದಲ್ಲೇ ಅವನ ಕೈಗೆ ಜಗಳದ ಸಾಮಗ್ರಿಯನ್ನು ಕೊಟ್ಟಂತಾಯಿತು.

ಗೌರವದ ರೂಪ ಕಷ್ಟದ್ದೇನೂ ಅಲ್ಲ. ಕೊನೆಯ ‘ಉ’ಕಾರವನ್ನು ‘ಇ’ಕಾರ ಮಾಡಿದರೆ ಸಾಕು: ಮಾಡು–ಮಾಡಿ, ಕೊಡು–ಕೊಡಿ, ಹೇಳು–ಹೇಳಿ. ಬಾ ಎಂಬುದು ಬನ್ನಿ ಆಗುತ್ತದೆ, ತಾ ಎಂಬುದು ತನ್ನಿ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಇದೇ ಬರ್ರಿ, ತರ್ರಿ, ಮಾಡ್ರಿ. ಆದರೆ ಈ ಸುಲಭದ ಸೂತ್ರದಲ್ಲೂ ಒಂದು ಹೊಂಡವಿದೆ. ಕುಡಿ, ಕರೆ, ಬರೆ, ನಡೆ ಮುಂತಾದ ಧಾತುಗಳು ಮೊದಲೇ ‘ಇ’ ಅಥವಾ ‘ಎ’ಯಿಂದ ಕೊನೆಗೊಳ್ಳುತ್ತವೆ. ‘ಮಾಡಿ’ ಎಂದರೆ ಗೌರವ ಎಂದು ಕಲಿತವನು ‘ಕುಡಿ’ ಎಂಬುದೂ ಗೌರವವೇ ಎಂದು ತಿಳಿಯುತ್ತಾನೆ. ಮನೆಗೆ ಬಂದ ಹಿರಿಯರ ಮುಂದೆ ಲೋಟ ಹಿಡಿದು ನಗುಮುಖದಿಂದ ‘ನೀರು ಕುಡಿ’ ಎನ್ನುತ್ತಾನೆ. ಅಲ್ಲಿ ‘ಕುಡಿಯಿರಿ’ ಎನ್ನಬೇಕು, ಮಾತಿನಲ್ಲಾದರೆ ‘ಕುಡೀರಿ’. ಈ ಎರಡು ಗುಂಪುಗಳನ್ನು ಬೇರೆ ಬೇರೆ ಇಟ್ಟು ಕಲಿಸುವುದು ಒಂದು ದಿನದ ಕೆಲಸ. ಕಲಿಸದೆ ಬಿಟ್ಟರೆ ವರ್ಷಗಟ್ಟಲೆ ತಪ್ಪು ಉಳಿಯುತ್ತದೆ.

ಹಾಗಾದರೆ ಏಕವಚನ ಎಲ್ಲಿ ಸಲ್ಲುತ್ತದೆ? ಇದನ್ನು ವ್ಯಾಕರಣ ಹೇಳುವುದಿಲ್ಲ. ದೇವರನ್ನು ನಾವು ‘ಕಾಪಾಡಪ್ಪಾ’ ಎಂದು ಏಕವಚನದಲ್ಲೇ ಕರೆಯುತ್ತೇವೆ. ತಾಯಿಗೆ ‘ಅಮ್ಮಾ, ಬಡಿಸು ಬಾ’ ಎನ್ನುತ್ತೇವೆ; ಅದೇ ಮನೆಯಲ್ಲಿ ತಂದೆಗೆ ‘ಅಪ್ಪಾ, ಬನ್ನಿ’ ಎನ್ನುವ ರೂಢಿ ಹಲವೆಡೆ ಇದೆ. ಬಾಲ್ಯದ ಗೆಳೆಯನಿಗೆ ‘ಬಾರೋ’, ಗೆಳತಿಗೆ ‘ಬಾರೇ’. ಬೀದಿಜಗಳ ಕೈಮೀರಿದಾಗ ಎದುರಾಳಿಗೂ ಇದೇ ‘ಬಾರೋ’. ದೇವರು, ತಾಯಿ, ಗೆಳೆಯ, ವೈರಿ – ಈ ನಾಲ್ವರೂ ಏಕವಚನದ ಒಂದೇ ಮನೆಯಲ್ಲಿದ್ದಾರೆ. ಸ್ವರ ಮತ್ತು ಸಂದರ್ಭ ನೋಡಿ ನಾವು ಬೇರೆ ಮಾಡಿಕೊಳ್ಳುತ್ತೇವೆ. ಹೊಸಬನಿಗೆ ಆ ಕಿವಿ ಬರಲು ಕಾಲ ಬೇಕು.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಯಾರಿಗೆ ‘ಬಾ’, ಯಾರಿಗೆ ‘ಬನ್ನಿ’ ಎಂಬುದನ್ನು ನಮ್ಮ ಸಮಾಜದಲ್ಲಿ ವಯಸ್ಸು ಮಾತ್ರ ತೀರ್ಮಾನಿಸಿಲ್ಲ. ಜಾತಿ, ಜಮೀನು, ಕೆಲಸ ಇವೂ ತೀರ್ಮಾನಿಸಿವೆ. ಒಡೆಯರ ಮನೆಯ ಎಳೆಯ ಹುಡುಗ ತಲೆ ನರೆತ ಆಳಿಗೆ ‘ಬಾರೋ’ ಎನ್ನುವುದು, ಆ ಮುದುಕ ಹುಡುಗನಿಗೆ ‘ಬನ್ನಿ ಬುದ್ಧಿ’ ಎನ್ನುವುದು ನಮ್ಮ ಹಳ್ಳಿಗಳು ಕಂಡ ದೃಶ್ಯವೇ. ಇಂದಿಗೂ ಮನೆಗೆಲಸದವರಿಗೆ, ಆಟೋ ಚಾಲಕರಿಗೆ, ಹೋಟೆಲಿನ ಮಾಣಿಗಳಿಗೆ ಸಲ್ಲುವ ಕ್ರಿಯಾಪದವನ್ನು ಕಿವಿಗೊಟ್ಟು ಕೇಳಿದರೆ ಹಳೆಯ ಮೆಟ್ಟಿಲುಗಳು ಪೂರ್ತಿ ಸವೆದಿಲ್ಲ ಎಂಬುದು ತಿಳಿಯುತ್ತದೆ. ಹೊಸಬ ನಮ್ಮನ್ನು ನೋಡಿಯೇ ಕಲಿಯುತ್ತಾನೆ. ನಾವು ಅತಿಥಿಗೆ ‘ಬನ್ನಿ’ ಎಂದು, ಕಸ ಒಯ್ಯಲು ಬಂದವರಿಗೆ ‘ಬಾ’ ಎಂದರೆ ಅವನೂ ಅದನ್ನೇ ಕನ್ನಡದ ನಿಯಮವೆಂದು ಬಗೆಯುತ್ತಾನೆ.

ಆದ್ದರಿಂದ ವಯಸ್ಕರಿಗೆ ಕನ್ನಡ ಕಲಿಸುವವರು ‘ಬನ್ನಿ’ಯನ್ನು ಮೊದಲು, ‘ಬಾ’ ಎಂಬುದನ್ನು ಆಮೇಲೆ ಕಲಿಸುವುದು ಲೇಸು. ‘ಬನ್ನಿ’ ಎಂದು ಮಗುವಿಗೆ ಹೇಳಿದರೆ ಮಗು ನಗಬಹುದು, ಅಷ್ಟೇ. ‘ಬಾ’ ಎಂದು ದೊಡ್ಡವರಿಗೆ ಹೇಳಿದರೆ ಸಂಬಂಧ ಮುರಿಯಬಹುದು. ಅಗ್ಗದ ತಪ್ಪನ್ನು ಮೊದಲು ಮಾಡಗೊಡಬೇಕು.

‘ದಯವಿಟ್ಟು’ ಎಲ್ಲಿದೆ?

ಇಂಗ್ಲಿಷಿನ ಮೂಲಕ ಕನ್ನಡ ಕಲಿಯುವವರು ಬಹುಬೇಗ ಕೇಳುವ ಪ್ರಶ್ನೆ, ‘ಪ್ಲೀಸ್’ ಎಂಬುದಕ್ಕೆ ಕನ್ನಡದಲ್ಲೇನು ಎಂದು. ‘ದಯವಿಟ್ಟು’ ಎಂದು ಪುಸ್ತಕಗಳು ಉತ್ತರಿಸುತ್ತವೆ. ಆದರೆ ‘ದಯವಿಟ್ಟು ನೀರು ಕೊಡು’ ಎಂದರೆ ಅದು ಸೌಜನ್ಯವಾಗುವುದಿಲ್ಲ. ದಯೆ ಮುಂದೆ ಇದ್ದರೂ ಏಕವಚನ ಹಿಂದೆ ಉಳಿಯಿತು. ‘ದಯವಿಟ್ಟು’ ಎಂಬುದು ಫಲಕಗಳ, ಪ್ರಕಟಣೆಗಳ ಮಾತು. ದಿನದ ಮಾತಿನಲ್ಲಿ ಅದು ಕಡಿಮೆ. ನಮ್ಮ ವಿನಯ ಕ್ರಿಯಾಪದದ ಬಾಲದಲ್ಲಿದೆ. ‘ಸ್ವಲ್ಪ ನೀರು ಕೊಡಿ’ ಎಂಬಲ್ಲಿ ‘ಸ್ವಲ್ಪ’ಕ್ಕೆ ನೀರಿನ ಅಳತೆಯೊಡನೆ ಸಂಬಂಧವಿಲ್ಲ, ಅದು ಕೇಳುವ ದನಿಯನ್ನು ತಗ್ಗಿಸುತ್ತದೆ. ‘ಸ್ವಲ್ಪ ಜಾಗ ಬಿಡಿ’, ‘ಸ್ವಲ್ಪ ಬನ್ನಿ ಇಲ್ಲಿ’ ಎಂಬಲ್ಲೂ ಅದೇ. ಇನ್ನೂ ಮೆತ್ತಗಾಗಬೇಕೆಂದರೆ ಅಪ್ಪಣೆಯನ್ನು ಪ್ರಶ್ನೆ ಮಾಡುತ್ತೇವೆ: ‘ನೀರು ಕೊಡ್ತೀರಾ?’ ಮರ್ಯಾದೆ ಹೆಚ್ಚಬೇಕೆಂದರೆ ಒತ್ತಾಯದ ರೂಪವೇ ಉಪಚಾರವಾಗುತ್ತದೆ: ‘ಬರಬೇಕು, ಬರಬೇಕು’ ಎಂದು ಬೀಗರನ್ನು ಎದುರುಗೊಳ್ಳುತ್ತೇವೆ.

ಹೊರಡುವಾಗಿನ ಮಾತೂ ಹೀಗೆಯೇ. ‘ಹೋಗುತ್ತೇನೆ’ ಎನ್ನಲು ನಮ್ಮ ನಾಲಗೆ ಹಿಂಜರಿಯುತ್ತದೆ. ‘ಬರ್ತೀನಿ’ ಎನ್ನುತ್ತೇವೆ, ಕಳುಹಿಸಿಕೊಡುವವರು ‘ಹೋಗಿ ಬನ್ನಿ’ ಎನ್ನುತ್ತಾರೆ. ಬರಿಯ ‘ಹೋಗು’ ಸಿಟ್ಟಿನ ಮಾತು. ಕಲಿಯುವವರಿಗೆ ‘ಹೋಗು’ ಎಂಬ ಧಾತುವನ್ನು ಕಲಿಸಿದ ದಿನವೇ ‘ಹೋಗಿ ಬನ್ನಿ’ಯನ್ನೂ ಕಲಿಸದಿದ್ದರೆ ಪಾಠ ಅರ್ಧವಾದಂತೆ.

ಡಾಕ್ಟರ್ ಇಲ್ಲ, ಡಾಕ್ಟರ್ ಅಲ್ಲ

ಇನ್ನು ನಿರಾಕರಣೆಗೆ ಬರೋಣ. ಇಂಗ್ಲಿಷಿನವನು ‘ನೋ’ ಎಂಬ ಒಂದೇ ಮಾತಿನಿಂದ ಉತ್ತರಿಸುವ ಕಡೆಗಳಲ್ಲಿ ಕನ್ನಡಕ್ಕೆ ಕಡೇಪಕ್ಷ ಮೂರು ಮಾತು ಬೇಕು. ಇರುವಿಕೆಯನ್ನು ನಿರಾಕರಿಸುವುದು ‘ಇಲ್ಲ’. ಗುರುತನ್ನು ನಿರಾಕರಿಸುವುದು ‘ಅಲ್ಲ’. ಇಚ್ಛೆಯನ್ನು ನಿರಾಕರಿಸುವುದು ‘ಬೇಡ’. ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ‘ಡಾಕ್ಟರ್ ಇಲ್ಲ’ ಎಂದರೆ ವೈದ್ಯರು ಒಳಗಿಲ್ಲ ಎಂದರ್ಥ, ಕಾಯಬೇಕು. ‘ಡಾಕ್ಟರ್ ಅಲ್ಲ’ ಎಂದರೆ ಎದುರಿಗಿರುವವರು ವೈದ್ಯರೇ ಅಲ್ಲ, ಬೇರೆಯವರನ್ನು ಕೇಳಬೇಕು. ‘ಡಾಕ್ಟರ್ ಬೇಡ’ ಎಂದರೆ ರೋಗಿಗೆ ಚಿಕಿತ್ಸೆಯ ಮನಸ್ಸಿಲ್ಲ, ಕೂತು ಮಾತನಾಡಿಸಬೇಕು. ಮೂರಕ್ಕೂ ‘ನೋ’ ಎಂದು ಬರೆದುಕೊಂಡರೆ ಮೂವರು ಬೇರೆ ಬೇರೆ ಜನ ಒಂದೇ ಸಾಲಿನಲ್ಲಿ ನಿಂತಂತೆ.

ಇದು ಯಾರಿಗೆ ಕಷ್ಟ ಎಂಬುದು ಅವರ ತಾಯ್ನುಡಿಯನ್ನು ಹೊಂದಿಕೊಂಡಿದೆ. ತೆಲುಗಿನವರಿಗೆ ‘ಲೇದು’, ‘ಕಾದು’ ಎಂಬ ಜೋಡಿ ಇದೆ. ಮಲಯಾಳದಲ್ಲಿ ‘ಇಲ್ಲ’, ‘ಅಲ್ಲ’ ಎರಡೂ ನಮ್ಮಂತೆಯೇ ಇವೆ. ತುಳುವಿನಲ್ಲಿ ‘ಇಜ್ಜಿ’, ‘ಅತ್ತ್’, ‘ಬೊಡ್ಚಿ’ ಎಂಬ ಮೂರೂ ಇವೆ. ಇವರೆಲ್ಲ ಈ ಮೆಟ್ಟಿಲನ್ನು ಎಡವದೆ ಹತ್ತುತ್ತಾರೆ. ಆಡುಮಾತಿನ ತಮಿಳಿನಲ್ಲಿ ‘ಅಲ್ಲ’ದ ಕೆಲಸವನ್ನೂ ‘ಇಲ್ಲೆ’ಯೇ ಮಾಡುತ್ತದೆ, ಹಿಂದಿಯಲ್ಲಿ ಎರಡಕ್ಕೂ ‘ನಹೀಂ’ ಸಾಕು. ಹಾಗಾಗಿ ತಮಿಳು, ಹಿಂದಿ ಮನೆಮಾತಿನವರು ‘ಇದು ನನ್ನ ಮನೆ ಇಲ್ಲ’ ಎನ್ನುವುದನ್ನು ಕೇಳುತ್ತೇವೆ. ಅದರಲ್ಲಿ ದಡ್ಡತನವಿಲ್ಲ, ಅವರ ಭಾಷೆಯ ಲೆಕ್ಕ ನಮ್ಮ ಭಾಷೆಯೊಳಗೆ ಬಂದಿದೆ. ಒಂದೇ ಕೊಠಡಿಯಲ್ಲಿ ಕೂತ ತೆಲುಗರಿಗೂ ಬಿಹಾರಿಗಳಿಗೂ ಒಂದೇ ವೇಗದಲ್ಲಿ ಈ ಪಾಠ ಮಾಡುವುದು ಸರಿಹೋಗದು ಎಂಬುದನ್ನು ಕಲಿಸುವವರು ಅರಿಯಬೇಕು.

ಅಪ್ಪಣೆ, ನಿರಾಕರಣೆ ಎರಡೂ ಸೇರುವ ಜಾಗ ‘ಬೇಡ’. ‘ಹೋಗಬೇಡ’, ‘ಹೋಗಬೇಡಿ’ ಎಂಬುದು ಎದುರಿಗಿರುವವರನ್ನು ತಡೆಯುವ ಮಾತು. ‘ಹೋಗುವುದು ಬೇಡ’ ಎಂಬುದು ಸಲಹೆ. ‘ಹೋಗಬಾರದು’ ಎಂಬುದರಲ್ಲಿ ನೀತಿಯೋ ನಿಯಮವೋ ಇದೆ. ‘ಹೋಗಕೂಡದು’ ಎಂಬುದರ ಹಿಂದೆ ಅಧಿಕಾರ ನಿಂತಿದೆ. ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಬಸವಣ್ಣನವರ ಒಂದು ವಚನ ಏಳು ‘ಬೇಡ’ಗಳ ಮೇಲೆ ನಿಂತಿದೆ, ಅವು ‘ಕೂಡದು’ ಆಗಿದ್ದರೆ ಅದು ಕಾಯಿದೆಯಂತೆ ಕೇಳಿಸುತ್ತಿತ್ತು.

ಕಟ್ಟಿಲ್ಲ, ಕಟ್ಟಲಿಲ್ಲ, ಕಟ್ಟಲ್ಲ

ಕನ್ನಡದ ನಿರಾಕರಣೆಗೆ ಕಾಲವೂ ಉಂಟು. ಇಲ್ಲಿ ಕಿವಿ ಸ್ವಲ್ಪ ತಪ್ಪಿದರೂ ಅರ್ಥ ಬುಡಮೇಲಾಗುತ್ತದೆ. ಸಾಲದ ಕಂತಿನ ಬಗ್ಗೆ ಕೇಳಿದಾಗ ರೈತ ‘ಕಟ್ಟಿಲ್ಲ’ ಎಂದರೆ ಈವರೆಗೆ ಕಟ್ಟಿಲ್ಲ, ಮುಂದೆ ಕಟ್ಟಿಯಾನು. ‘ಕಟ್ಟಲಿಲ್ಲ’ ಎಂದರೆ ಆ ಸಮಯಕ್ಕೆ ಕಟ್ಟದೆ ಹೋದ, ಅದು ಮುಗಿದ ಕತೆ. ‘ಕಟ್ಟಲ್ಲ’ ಎಂದರೆ ಕಟ್ಟುವುದೇ ಇಲ್ಲ ಎಂಬ ಹಟ. ಮೊದಲನೆಯದು ಕಷ್ಟ, ಎರಡನೆಯದು ವರದಿ, ಮೂರನೆಯದು ಸವಾಲು. ವ್ಯತ್ಯಾಸವೆಲ್ಲ ನಡುವಿನ ಒಂದೆರಡು ಅಕ್ಷರಗಳದು. ರೋಗಿ ‘ಮಾತ್ರೆ ತಗೊಂಡಿಲ್ಲ’ ಎಂದದ್ದನ್ನು ‘ತಗೊಳ್ಳಲ್ಲ’ ಎಂದು ಕೇಳಿಸಿಕೊಂಡ ಹೊಸ ವೈದ್ಯರು ಅವರನ್ನು ಹಟಮಾರಿ ಎಂದು ಗದರಿಸಿದರೆ ತಪ್ಪು ಯಾರದು?

ಇದನ್ನು ಬಿಡಿಸಿ ತೋರಿಸಿದರೆ ಗೊಂದಲವಿಲ್ಲ. ‘ಮಾಡಿ’ ಮತ್ತು ‘ಇಲ್ಲ’ ಕೂಡಿ ‘ಮಾಡಿಲ್ಲ’ ಆಗಿದೆ. ‘ಮಾಡಲು’ ಮತ್ತು ‘ಇಲ್ಲ’ ಕೂಡಿ ‘ಮಾಡಲಿಲ್ಲ’. ‘ಮಾಡುವುದು’ ಮತ್ತು ‘ಇಲ್ಲ’ ಕೂಡಿ ‘ಮಾಡುವುದಿಲ್ಲ’. ಅದೇ ನಾಲಗೆಯ ಮೇಲೆ ಸವೆದು ‘ಮಾಡೋದಿಲ್ಲ’, ‘ಮಾಡೋಲ್ಲ’, ‘ಮಾಡಲ್ಲ’ ಆಗಿದೆ. ಕೊನೆಯ ರೂಪದಲ್ಲಿ ‘ಅಲ್ಲ’ ಕಂಡರೂ ಅದು ‘ಇಲ್ಲ’ವೇ. ಪುಸ್ತಕದ ‘ಮಾಡುವುದಿಲ್ಲ’ವನ್ನು ಮಾತ್ರ ಓದಿಕೊಂಡು ಬೀದಿಗಿಳಿದವನಿಗೆ ‘ಮಾಡಲ್ಲ’ ಹೊಸ ಪದವೆನಿಸುತ್ತದೆ. ಧಾರವಾಡಕ್ಕೆ ಹೋದರೆ ಇನ್ನೊಂದು ಸೋಜಿಗ. ಅಲ್ಲಿನವರು ‘ನಾ ಬರಂಗಿಲ್ಲ’ ಎಂದರೆ ‘ನಾನು ಬರುವುದಿಲ್ಲ’ ಎಂದಷ್ಟೇ ಅರ್ಥ. ಮೈಸೂರಿನವರು ‘ಬರೋ ಹಾಗಿಲ್ಲ’ ಎಂದರೆ ಬರಲು ಅಪ್ಪಣೆಯಿಲ್ಲ ಎಂದರ್ಥ.

ಇಷ್ಟೆಲ್ಲ ತೊಡಕಿನ ನಡುವೆ ಕಲಿಯುವವರಿಗೆ ಒಂದು ಸಂತೋಷದ ಸುದ್ದಿಯೂ ಇದೆ. ಕನ್ನಡದಲ್ಲಿ ‘ಹೌದು’ ಎನ್ನುವುದಕ್ಕಿಂತ ‘ಇಲ್ಲ’ ಎನ್ನುವುದು ಸುಲಭ. ನಾನು ಮಾಡಿದೆ, ನೀನು ಮಾಡಿದೆ, ಅವನು ಮಾಡಿದ, ಅವಳು ಮಾಡಿದಳು, ಅವರು ಮಾಡಿದರು, ಅದು ಮಾಡಿತು – ಹೀಗೆ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಬಾಲ ಬದಲಾಗುತ್ತದೆ. ನಿರಾಕರಣೆಯಲ್ಲಿ ಈ ಕಾಟವಿಲ್ಲ. ನಾನು, ನೀನು, ಅವನು, ಅವಳು, ಅವರು, ಅದು – ಎಲ್ಲಕ್ಕೂ ‘ಮಾಡಲಿಲ್ಲ’ ಒಂದೇ. ಹೊಸಬನಿಗೆ ಮೊದಲು ನಿರಾಕರಣೆಯ ವಾಕ್ಯಗಳನ್ನು ಕಲಿಸಿದರೆ ಮೊದಲ ವಾರದಲ್ಲೇ ಆತ ತಪ್ಪಿಲ್ಲದೆ ಹತ್ತಾರು ವಾಕ್ಯ ಆಡಬಲ್ಲ. ಆ ಧೈರ್ಯದ ಮೇಲೆ ಉಳಿದದ್ದನ್ನು ಕಟ್ಟಬಹುದು. ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಕ್ರಮ ತಲೆಕೆಳಗಾಗಿರುತ್ತದೆ.

ಹಳೆಯ ಪಟ್ಟಿಯ ಕತೆ

ಈ ಏಕರೂಪ ಕನ್ನಡದಲ್ಲಿ ಮೊದಲಿನಿಂದ ಇದ್ದದ್ದಲ್ಲ. ಹಳಗನ್ನಡದಲ್ಲಿ ‘ನೋಡಿದೆಂ’ ಎಂದರೆ ನೋಡಿದೆ, ‘ನೋಡುವೆಂ’ ಎಂದರೆ ನೋಡುವೆ. ‘ನೋಡೆಂ’ ಎಂದರೆ ನೋಡಲಿಲ್ಲ, ನೋಡುವುದಿಲ್ಲ ಎಲ್ಲವೂ ಆಗುತ್ತಿತ್ತು. ಧಾತುವಿಗೂ ಪುರುಷಪ್ರತ್ಯಯಕ್ಕೂ ನಡುವೆ ಬರಬೇಕಾದ ಕಾಲಸೂಚಕವನ್ನು ತೆಗೆದರೆ ಅದೇ ನಿರಾಕರಣೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಆಖ್ಯಾತ ಪ್ರಕರಣದಲ್ಲಿ ಕ್ರಿಯಾಪದಗಳನ್ನು ವಿವೇಚಿಸಿದ್ದು ಈ ಕನ್ನಡದವು. ಶಾಲೆಯ ವ್ಯಾಕರಣದಲ್ಲಿ ‘ನಿಷೇಧಾರ್ಥಕ’ ಎಂಬ ಹೆಸರಿನಡಿ ಮಾಡನು, ಮಾಡಳು, ಮಾಡರು, ಮಾಡದು, ಮಾಡೆನು ಎಂದು ನಾವು ಒಪ್ಪಿಸಿದ ಪಟ್ಟಿ ಇದರದೇ ಮುಂದುವರಿಕೆ. ತೆಲುಗಿನಲ್ಲಿ ಇಂಥ ರೂಪ ಇಂದಿಗೂ ಮಾತಿನಲ್ಲಿದೆ, ‘ನೇನು ಚೇಯನು’ ಎಂದರೆ ನಾನು ಮಾಡುವುದಿಲ್ಲ. ಕನ್ನಡದಲ್ಲಿ ಯಾರೂ ಅಂಗಡಿಯಲ್ಲಿ ‘ಕೊಡೆನು’ ಎನ್ನುವುದಿಲ್ಲ. ಆದರೆ ಆ ಹಳೆಯ ಮರದ ಕೊಂಬೆಗಳು ಅಲ್ಲಲ್ಲಿ ಹಸಿರಾಗಿವೆ: ಒಲ್ಲೆ, ಅರಿಯೆ, ಸಾಲದು, ಬಾರದು, ಕೂಡದು, ಮಾಡದೆ, ಕೇಳದ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯ ‘ಲಾರದ’ವೂ ಅದೇ ಬಳಗದ್ದು.

ಹೊರಗಿನವರಿಗೆ ಕನ್ನಡ ಕಲಿಸುವ ಕೆಲಸಕ್ಕೂ ಚರಿತ್ರೆಯಿದೆ. ಕಂಪನಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಮದರಾಸಿನಲ್ಲಿ 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಹುಟ್ಟಿತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ, ಮೆಕೆರೆಲ್ ಅವರದು 1820ರಲ್ಲಿ ಹೊರಬಂದವು. ನಿಘಂಟಿನಿಂದ ಮನೆಮಾತಾದ ಕಿಟೆಲ್ ಅವರ ವ್ಯಾಕರಣ ಅಚ್ಚಾದದ್ದು 1903ರಲ್ಲಿ. ಆ ಪುಸ್ತಕಗಳ ಪಾಂಡಿತ್ಯ ದೊಡ್ಡದು. ಆದರೆ ಕಲಿಯುವವರಲ್ಲಿ ಬಹುಪಾಲು ಕಲೆಕ್ಟರರು, ನ್ಯಾಯಾಧೀಶರು, ಪಾದ್ರಿಗಳು. ಅಪ್ಪಣೆ ಕೊಡುವ, ಉಪದೇಶ ಮಾಡುವ ಸ್ಥಾನದವರು. ಇಂದು ಕಲಿಯುವವರು ಬೇರೆ. ಕಟ್ಟಡದ ಕೆಲಸಕ್ಕೆ ಬಂದ ಯುವಕ, ನರ್ಸ್, ಬಾಡಿಗೆ ಮನೆ ಹುಡುಕುವ ಕಂಪ್ಯೂಟರ್ ಎಂಜಿನಿಯರ್, ಕನ್ನಡದ ಮನೆಗೆ ಬಂದ ಬೇರೆ ಭಾಷೆಯ ಸೊಸೆ. ಇವರು ಅಪ್ಪಣೆಯನ್ನು ಕೊಡುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಬೇಕು. ಬೇಡ ಎನ್ನಬೇಕಾದಾಗ ಯಾರಿಗೂ ನೋವಾಗದಂತೆ ಎನ್ನಬೇಕು. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಬೇರೆ ರಾಜ್ಯಗಳ ಉಪಾಧ್ಯಾಯರಿಗೆ ಕನ್ನಡ ಕಲಿಸುತ್ತ ಬಂದಿದೆ. ತಿಂಗಳುಗಟ್ಟಲೆ ಕೂತು ಕಲಿಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ಬೀದಿಯೇ ಶಾಲೆ.

ಗೋಡೆಯ ಮೇಲಿನ ಪಾಠ

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಒಂದು ವಿಧಾನವನ್ನು ರೂಪಿಸಿದರು. ಕಲಿಸುವವರು ‘ಏಳಿ, ನಡೆಯಿರಿ, ಬಾಗಿಲು ತೆಗೆಯಿರಿ’ ಎನ್ನುತ್ತಾರೆ. ಕಲಿಯುವವರು ಮಾತಾಡದೆ ಹಾಗೆಯೇ ಮಾಡಿ ತೋರಿಸುತ್ತಾರೆ. ಮಗು ಮಾತು ಕಲಿಯುವ ಮುಂಚೆ ಅಪ್ಪಣೆಗಳನ್ನು ಕೇಳಿ ನಡೆದುಕೊಳ್ಳುತ್ತದಲ್ಲ, ಅದರ ಅನುಕರಣೆ. ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ, ಒಂದು ಎಚ್ಚರದೊಡನೆ. ಇಂಗ್ಲಿಷಿನ ಅಪ್ಪಣೆಗೆ ಏಕವಚನ ಬಹುವಚನಗಳ ಭೇದವಿಲ್ಲ, ನಮ್ಮದಕ್ಕಿದೆ. ಆದುದರಿಂದ ಕೊಠಡಿಯಲ್ಲಿ ಕೇಳಿಸುವುದೆಲ್ಲ ‘ಏಳಿ’, ‘ಬನ್ನಿ’, ‘ಕೂತುಕೊಳ್ಳಿ’ ಎಂದೇ ಇರಬೇಕು.

ಇನ್ನು ಊರಿನ ಫಲಕಗಳು ಖರ್ಚಿಲ್ಲದ ಪಠ್ಯಪುಸ್ತಕ. ‘ಇಲ್ಲಿ ಉಗುಳಬೇಡಿ’, ‘ಕೈ ತಲೆ ಹೊರಗೆ ಹಾಕಬಾರದು’, ‘ಪ್ರವೇಶವಿಲ್ಲ’ – ಮೂರು ಫಲಕಗಳಲ್ಲಿ ಮೂರು ಬಗೆಯ ನಿಷೇಧ ಸಿಕ್ಕಿತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಅಂಗಡಿಯ ಫಲಕದಲ್ಲಿ ನಿರಾಕರಣೆಯ ಒಂದು ಪದವೂ ಇಲ್ಲ, ಆದರೂ ಸಾಲ ಸಿಗುವುದಿಲ್ಲ. 1990ರ ದಶಕದಲ್ಲಿ ದೆವ್ವದ ವದಂತಿ ಹಬ್ಬಿದಾಗ ಬೆಂಗಳೂರಿನಲ್ಲಿ, ಹಳ್ಳಿಗಳಲ್ಲಿ ಮನೆಗಳ ಬಾಗಿಲ ಮೇಲೆ ಬರೆದ ‘ನಾಳೆ ಬಾ’ ಅನೇಕರಿಗೆ ನೆನಪಿರಬಹುದು. ರೂಪದಲ್ಲಿ ಅದು ಆಹ್ವಾನ, ಅರ್ಥದಲ್ಲಿ ‘ಬರಬೇಡ’. ದೆವ್ವಕ್ಕೆ ಬಹುವಚನ ಕೊಡಬೇಕೆಂದು ಯಾರಿಗೂ ತೋಚಲಿಲ್ಲ, ಮುಖದ ಮೇಲೆ ‘ಬರಬೇಡ’ ಎನ್ನುವ ಧೈರ್ಯವೂ ಇರಲಿಲ್ಲ. ಮನೆ ಬಾಗಿಲಿಗೆ ಬಂದ ಭಿಕ್ಷುಕನಿಗೂ ನಾವು ‘ಇಲ್ಲ’ ಎನ್ನದೆ ‘ಮುಂದಕ್ಕೆ ಹೋಗಪ್ಪ’ ಎನ್ನುತ್ತೇವೆ. ನೇರವಾಗಿ ನಿರಾಕರಿಸಲು ಹಿಂಜರಿಯುವ ಸಮಾಜದ ವ್ಯಾಕರಣವಿದು. ಇದನ್ನು ತಿಳಿಯದ ಹೊಸಬ ‘ನೋಡೋಣ’ ಎಂಬ ಉತ್ತರವನ್ನು ನಂಬಿಕೊಂಡು ವಾರಗಟ್ಟಲೆ ಕಚೇರಿಗೆ ಅಲೆಯುತ್ತಾನೆ.

ಕಲಿಸುವ ಹೊಣೆಯನ್ನೆಲ್ಲ ಉಪಾಧ್ಯಾಯರ ಮೇಲೆ ಹಾಕುವಂತಿಲ್ಲ. ಹೊಸಬನೊಬ್ಬ ತಡವರಿಸುತ್ತ ‘ಅಣ್ಣಾ, ಇಲ್ಲಿ ನಿಲ್ಲಿಸು’ ಎಂದಾಗ ನಾವು ಸಾಮಾನ್ಯವಾಗಿ ಮಾಡುವುದು ಎರಡರಲ್ಲಿ ಒಂದು: ಸಿಟ್ಟಾಗುತ್ತೇವೆ, ಇಲ್ಲವೇ ಅವನ ಭಾಷೆಗೆ ತಿರುಗಿಬಿಡುತ್ತೇವೆ. ಎರಡರಿಂದಲೂ ಅವನ ಕಲಿಕೆ ಅಲ್ಲೇ ನಿಲ್ಲುತ್ತದೆ. ‘ನಿಲ್ಲಿಸಿ ಅನ್ನಿ’ ಎಂದು ನಗುತ್ತ ಒಂದು ಮಾತು ಹೇಳಿದರೆ ನಾಳೆಯಿಂದ ಅವನು ಹಾಗೆಯೇ ಹೇಳುತ್ತಾನೆ. ಆ ತಿದ್ದುಪಡಿಯಲ್ಲಿ ಎರಡು ಪಾಠಗಳಿವೆ. ‘ನಿಲ್ಲಿಸಿ’ ಎಂಬುದು ಅವನಿಗೆ ಭಾಷೆಯ ಪಾಠ. ಅವನಿಗೆ ‘ಅನ್ನು’ ಎನ್ನದೆ ‘ಅನ್ನಿ’ ಎಂದೆವಲ್ಲ, ಅದು ನಮಗೆ ನಾವೇ ಹೇಳಿಕೊಂಡದ್ದು.